ಎಂಟಕ್ಕೊಬ್ಬರು

ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ
ಗಾಜು ಹಾಕಿಸಿ ತೂಗುಬಿಟ್ಟಿದ್ದಾರೆ:
ಹಗಲು ಐವರಿಗೊಬ್ಬರು,
ರಾತ್ರಿ ಎಂಟಕ್ಕೊಬ್ಬರು.
ಕೆಳಗೆ ಸೀಲು, ಸೀಲಿನ ಮೇಲೆ ಸಹಿ,
ಸಹಿಯ ಮೇಲೆ ವಾರಕ್ಕೊಮ್ಮೆ ನಾನೇ ಒರೆಸುವ ಧೂಳು.

ಸವಳಂಗ ರಸ್ತೆಯ ಈ ಮೂರನೇ ಮಹಡಿಯಲ್ಲಿ
ಮೂವತ್ತೊಂದು ಮಂಚ.
ನಾನು, ಗುತ್ಯಮ್ಮ, ಸೊರಬದ ಕಡೆಯವಳು.
ಮತ್ತೆ ಶಕೀಲಾ; ಅವಳಿಗೆ ಕೆಳಮಹಡಿಯೂ ಇದೆ.
ಭಾಗಾಕಾರ ನೀವೇ ಮಾಡಿಕೊಳ್ಳಿ,
ನನಗೆ ಬರುವುದು ಮಗ್ಗಿ,
ಅದೂ ಹನ್ನೆರಡರ ತನಕ.

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು.
ಇಲ್ಲದಿದ್ದರೆ ಚರ್ಮ ಮೊದಲು ಕೆಂಪಾಗುತ್ತದೆ,
ಆಮೇಲೆ ಬಾಯಿಬಿಡುತ್ತದೆ.
ಒಬ್ಬರಿಗೆ ಏಳು ನಿಮಿಷ ಅಂದರೂ
ಕೊನೆಯ ಮಂಚ ಮುಟ್ಟುವ ಹೊತ್ತಿಗೆ
ಮೊದಲ ಮಂಚದಲ್ಲಿ
ನಾಲ್ಕನೇ ತಾಸು ಅರ್ಧ ಕಳೆದಿರುತ್ತದೆ.
ನಡುವೆ ಗಂಟೆ. ವಿಕ್ಟೋರಿಯಾ ಟೀಚರಿಗೆ ನೀರು.
ಲೋಟ ಕೊಟ್ಟರೆ ಲೋಟ ಹಿಡಿಯುವುದಿಲ್ಲ,
ನನ್ನ ಕೈ ಹಿಡಿಯುತ್ತಾರೆ.
ಅದಕ್ಕೆ ಎಷ್ಟು ನಿಮಿಷ ಅಂತ
ಗಾಜಿನೊಳಗೆ ಬರೆದಿಲ್ಲ.

ಹದಿನೇಳನೇ ಮಂಚದ ತುಕೋಜಿರಾವ್
ಭದ್ರಾವತಿ ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದವರು.
ಹೆಂಡತಿಯ ಹೆಸರು ಹೋಗಿದೆ, ಸೈರನ್ ಉಳಿದಿದೆ.
ಹತ್ತಕ್ಕೆ ಸರಿಯಾಗಿ ಕೂಗು:
"ಸೆಕೆಂಡ್ ಶಿಫ್ಟ್ ಇಳೀತಾ? ನೈಟಿಗೆ ಎಷ್ಟು ಜನ?"
"ಇಬ್ರು ಸಾರ್."
"ಕುಲುಮೆಗೆ ಇಬ್ರಾ? ಬರೆಯಲ್ಲ ನಾನು."
ಗಾಳಿಯಲ್ಲಿ ಪೆನ್ನಿಗೆ ಕ್ಯಾಪು ಹಾಕುತ್ತಾರೆ.

ಕಳೆದ ಮಂಗಳವಾರ ತಪಾಸಣೆ.
ರಾತ್ರಿ ಪಾಳಿ ಮುಗಿದರೂ ನಮ್ಮನ್ನು ಬಿಡಲಿಲ್ಲ.
ಏಳಕ್ಕೆ ಓಮ್ನಿಯಿಂದ ಆರು ಜನ ಇಳಿದರು:
ಛತ್ರದಲ್ಲಿ ಬಡಿಸುವ ನಾಲ್ವರು,
ದುರ್ಗಿಗುಡಿ ಬಟ್ಟೆ ಅಂಗಡಿಯ ಇಬ್ಬರು ಹುಡುಗಿಯರು.
ನೀಲಿ ಕೋಟು ಹೊಸದು, ಮಡಿಕೆಯ ಗೆರೆ ಹಾಗೇ ಇತ್ತು.
"ಇವ್ರು ಕಚ್ತಾರಾ ಅಕ್ಕ?" ಅಂದಳೊಬ್ಬಳು.
"ಹೆಸರಿಟ್ಟು ಕರೆದ್ರೆ ಕಚ್ಚಲ್ಲ" ಅಂದೆ.
ಅವಳಿಗೆ ಯಾರ ಹೆಸರು ಗೊತ್ತು?

ಆಫೀಸರಮ್ಮ ರಿಜಿಸ್ಟರ್ ತಿರುವಿದರು.
ರಿಜಿಸ್ಟರಿನಲ್ಲಿ ನಾವು ತುಂಬಾ ಜನ.
ಬಿಟ್ಟುಹೋಗಿ ವರ್ಷವಾದ ನಾಗವೇಣಿ
ಒಂದು ದಿನವೂ ತಪ್ಪಿಸಿಲ್ಲ.
ಒಂದು ಗುರುವಾರ ನಾನೇ
ಎರಡು ಮಹಡಿಯಲ್ಲಿ ಒಟ್ಟಿಗೆ ಇದ್ದೆ.
"ಲೆಕ್ಕ ಸರಿ ಇದೆ" ಅಂತ ಪೆನ್ನು ತೆಗೆದರು,

"ತಡೀರಿ. ಮಸ್ಟರ್ ನಾನು ಹಿಡೀಬೇಕು."
ಎಲ್ಲರೂ ನಕ್ಕರು. ಆಫೀಸರಮ್ಮನೂ. "ಹಿಡೀರಿ ಅಜ್ಜ."
ತುಕೋಜಿರಾವ್ ಹೆಸರು ಕೂಗಲಿಲ್ಲ.
ಸಾಲಾಗಿ ನಿಂತ ಕೋಟುಗಳ ಕಡೆ ನೋಡಿ
"ಕೈ ತೋರ್ಸಿ" ಅಂದರು.
ಕುಲುಮೆಯವನೋ, ಬದಲಿ ಬಂದವನೋ,
ಕೈ ನೋಡಿದರೆ ತಿಳಿಯುತ್ತಿತ್ತಂತೆ ಆಗ.

ಆರು ಜೊತೆ ಕೈ ಚಾಚಿದವು.
ಒಂದರಲ್ಲಿ ಮದುವೆಮನೆಯ ಗೋರಂಟಿ,
ಒಂದರಲ್ಲಿ ಬಣ್ಣ ಹಚ್ಚಿದ ಉದ್ದ ಉಗುರು.
ಆಮೇಲೆ ನನ್ನವು. ಫಿನಾಯಿಲು ತಿಂದ ಗೆಣ್ಣು.
ಶಕೀಲಾಳ ಮಣಿಕಟ್ಟಿನಲ್ಲಿ
ಯಾರದೋ ರಾತ್ರಿಯ ಹಿಡಿತ, ನಾಲ್ಕು ಬೆರಳು, ನೀಲಿ.
"ಇಬ್ರು" ಅಂದರು. "ಬರ್ಕೊಳ್ಳಿ."

ಆಫೀಸರಮ್ಮ ಏನು ಬರೆದರೋ ಕಾಣಲಿಲ್ಲ.
ಮ್ಯಾನೇಜರು ಅಡ್ಡ ನಿಂತು
ಅಡಿಗೆಮನೆ ನೋಡೋಣ ಬನ್ನಿ ಮೇಡಂ ಅಂದರು.

ಅವರು ಹೋಗುವ ತನಕ, ಮಧ್ಯಾಹ್ನದವರೆಗೆ,
ಕೋಟುಗಳು ಇಲ್ಲೇ ಇದ್ದವು.
ಸುಮ್ಮನೆ ನಿಲ್ಲಲಾರದೆ
ಛತ್ರದವಳು ಟೀಚರಿಗೆ ಗಂಜಿ ಉಣಿಸಿದಳು,
ಬಡಿಸುವ ಕೈ, ಚೆಲ್ಲಲಿಲ್ಲ.
ಉದ್ದ ಉಗುರಿನವಳು ಯಾರದೋ ತಲೆ ಬಾಚಿದಳು.
ಗಾಜಿನೊಳಗೆ ಬರೆದದ್ದು
ಐದು ತಾಸು ನಿಜವಾಗಿತ್ತು.

ಒಂದು ಸಲವೂ ಗಂಟೆ ಹೊಡೆಯಲಿಲ್ಲ.
ಕೆಟ್ಟಿದೆಯೇನೋ ಅಂತ
ಖಾಲಿ ಮಂಚವೊಂದರ ಬಳಿ ಹೋಗಿ
ಸ್ವಿಚ್ಚು ಒತ್ತಿ ನೋಡಿದೆ.

ಹೊಡೆಯಿತು.
ಕಚ್ತಾರಾ ಅಂತ ಕೇಳಿದ್ದ ಹುಡುಗಿ
ಚಪ್ಪಲಿ ಜಾರಿಸಿಕೊಂಡು ಓಡಿಬಂದಳು:
"ಏನು ಬೇಕಿತ್ತಕ್ಕ?"